ಬ್ಯಾಲೆನ್ಸ್ ಇಲ್ಲದ 3ಎಸ್ ಬಿಎಂಎಸ್ ಬೋರ್ಡು: ವರ್ಷದ ಮೇಲೆ ಬಳಸಿ ಬರೀತಿರೋದು

18650 ಅನ್ನೋ ದುಂಡನೆ ಲಿಥಿಯಂ ಸೆಲ್ ಬಗ್ಗೆ ನಂದೇನೂ ತಕರಾರಿಲ್ಲ. ತಕರಾರಿರೋದೆಲ್ಲ ಸಾಲಾಗಿ (ಸೀರೀಸಲ್ಲಿ, ಅದಕ್ಕೇ 3ಎಸ್) ಕಟ್ಟಿದ ಮೂರು ಸೆಲ್ ಕಾಯ್ಲಿ ಅಂತ ತಗೊಂಡ ಬಿಎಂಎಸ್, ಅಂದ್ರೆ ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬೋರ್ಡಿನ ಮೇಲೆ.

ನಮ್ಮನೇಲಿ ಇದು ನಡೆಸೋದು ಫೈಬರ್ ರೌಟರ್‌ನ. ತೀರ್ಥಹಳ್ಳಿ ಕಡೆ ಜುಲೈಲಿ ಲೈನ್ ಮೇಲೆ ಮರ ಬಿದ್ರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋರಿಲ್ಲ, ಮೊಬೈಲ್ ಟವರಿಂದೂ ಅದೇ ಹಣೆಬರಹ. ರೆಡಿಮೇಡ್ ರೌಟರ್ ಯುಪಿಎಸ್ ಸಿಗುತ್ತೆ, ಆದ್ರೆ ಒಳಗೆ ಎಂಥ ಸೆಲ್ ತುಂಬಿರ್ತಾರೋ ಗೊತ್ತಾಗಲ್ಲ, ಅದಕ್ಕೆ 2600 ಎಂಎಎಚ್‌ದು ಮೂರು ಸೆಲ್‌ಗೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ನಿಕಲ್ ಪಟ್ಟಿ ಸ್ಪಾಟ್ ವೆಲ್ಡ್ ಹಾಕಿಸ್ಕೊಂಡು ಬಂದೆ, ಬೋರ್ಡ್ ಮಾತ್ರ ಆನ್‌ಲೈನಲ್ಲಿ ತರಿಸಿದ್ದು. 11.1 ವೋಲ್ಟ್ ಇಂಟು 2.6 ಅಂದ್ರೆ 29 ವ್ಯಾಟ್ ಅವರ್ ಹತ್ರ, ನಮ್ಮ ರೌಟರ್ ತಿನ್ನೋದು 7 ವ್ಯಾಟ್, ನಾಲ್ಕು ಗಂಟೆಗೆ ಮೋಸ ಇಲ್ಲ. ಶುರುವಲ್ಲಿ ಅಷ್ಟು ಬರ್ತಾನೂ ಇತ್ತು.

ಆ ದಿನಗಳು ಚೆನ್ನಾಗಿದ್ವು. ಕರೆಂಟ್ ಹೋದ ತಕ್ಷಣ ಸಣ್ಣ ಟಾರ್ಚ್ ಬಾಯಲ್ಲಿ ಕಚ್ಕೊಂಡು ಅಡಾಪ್ಟರ್ ಪಿನ್ ಕಿತ್ತು ಪ್ಯಾಕಿನ ಪಿನ್ ಚುಚ್ಚೋದು, ಲೈಟುಗಳು ಒಂದೊಂದಾಗಿ ಹತ್ತೋದನ್ನ ನೋಡ್ತಾ ಅಲ್ಲೇ ನಿಲ್ಲೋದು. ಒಳಗಿಂದ ಅಪ್ಪಯ್ಯನ ಮೊಬೈಲಲ್ಲಿ ನಿಂತಿದ್ದ ಭಾಗವತರ ಪದ ಮತ್ತೆ ಕೇಳಿಸ್ತು ಅಂದ್ರೆ ನೆಟ್ ಬಂತು ಅಂತ ಲೆಕ್ಕ.

ಬರ್ತಾ ಬರ್ತಾ ನಾಲ್ಕು ಗಂಟೆ ಮೂರಾಯ್ತು, ಆಮೇಲೆ ಎರಡಕ್ಕೂ ತತ್ವಾರ. ಚಾರ್ಜರ್ ಮಾತ್ರ ಮೊದಲಿಗಿಂತ ಬೇಗ ಹಸಿರು ಲೈಟ್ ತೋರಿಸ್ತಿತ್ತು. ಪ್ಯಾಕ್ ಎರಡು ತುದಿಗೆ ಮಲ್ಟಿಮೀಟರ್ ಹಿಡಿದ್ರೆ 12.27, ಫುಲ್ ಅಂದ್ರೆ 12.6, ಅಂಥ ವ್ಯತ್ಯಾಸ ಏನಲ್ಲ ಅನ್ಸುತ್ತೆ. ಒಂದೊಂದೇ ಸೆಲ್‌ಗೆ ಹಿಡಿದಾಗ ಹೊರಬಿತ್ತು: 4.24, 4.05, 3.98.

ಪ್ಯಾರಲಲ್ ಕಟ್ಟಿದ ಸೆಲ್ ತಮ್ಮತಮ್ಮಲ್ಲೇ ಸಮ ಆಗ್ತವೆ, ಸೀರೀಸಲ್ಲಿ ಹಾಗಾಗಲ್ಲ, ಮೂರರಲ್ಲೂ ಹರಿಯೋದು ಒಂದೇ ಕರೆಂಟು. ಒಂದು ಸೆಲ್ ಕೂತಲ್ಲೇ ಸ್ವಲ್ಪ ಜಾಸ್ತಿ ಇಳಿದ್ರೂ ಆ ಅಂತರ ಹಾಗೇ ಉಳಿದು ಬೆಳೀತಾ ಹೋಗುತ್ತೆ. ಚಾರ್ಜ್ ಆಗೋವಾಗ ಮುಂದಿರೋ ಸೆಲ್ 4.25 ದಾಟಿದ್ರೆ ಬೋರ್ಡ್ ಕಟ್ ಮಾಡುತ್ತೆ, ಉಳಿದವು ಅರೆಹೊಟ್ಟೆ. ಖಾಲಿ ಆಗೋವಾಗ ಹಿಂದಿರೋದು ಮೊದಲು ತಳ ಮುಟ್ಟುತ್ತೆ, ಆಗಲೂ ಕಟ್, ಉಳಿದ ಎರಡರಲ್ಲಿ ಚಾರ್ಜ್ ಇದ್ರೂ ಕೈಗಿಲ್ಲ.

ಇದನ್ನ ಸರಿ ಮಾಡೋಕೇ ಅಲ್ವಾ ಬ್ಯಾಲೆನ್ಸ್ ಇರೋದು, ಅಂದ್ರೆ ಮುಂದಿರೋ ಸೆಲ್‌ನ ಚಾರ್ಜನ್ನ ರೆಸಿಸ್ಟರ್ ಮೂಲಕ ಸ್ವಲ್ಪ ಸ್ವಲ್ಪ ಇಳಿಸಿ ಮೂರನ್ನೂ ಸಮ ಮಾಡೋದು? ಮಾರೋರ ಫೋಟೋದಲ್ಲಿ ಬೋರ್ಡಿನ ಒಂದು ಕಡೆ ರೆಸಿಸ್ಟರ್ ಸಾಲು ನೀಟಾಗಿ ಕಾಣುತ್ತೆ. ಬೋರ್ಡ್ ತಿರುಗಿಸಿ ಭೂತಗನ್ನಡಿ ಹಿಡಿದ್ರೆ ಆ ಜಾಗದಲ್ಲಿ ಬರೀ ಸೀಸ ಸವರಿದ ಪ್ಯಾಡ್‌ಗಳು, ಮೇಲೆ ಏನೂ ಕೂರಿಸಿಲ್ಲ! ಪಿಸಿಬಿ ಅದೇ, ಬಿ ಮೈನಸ್, ಬಿ1, ಬಿ2, ಬಿ ಪ್ಲಸ್ ಎಲ್ಲಾ ಇದೆ, ಬ್ಯಾಲೆನ್ಸ್ ಭಾಗ ಮಾತ್ರ ಇಲ್ಲ. ಓವರ್‌ಚಾರ್ಜ್, ಶಾರ್ಟ್ ಸರ್ಕ್ಯೂಟ್ ಕಾಯೋ ಕೆಲಸ ಅದು ಚೊಕ್ಕವಾಗೇ ಮಾಡ್ತಿತ್ತು, ಅದನ್ನ ಇಲ್ಲ ಅನ್ನಲ್ಲ. ಹೆಸರಲ್ಲಿ ಬ್ಯಾಲೆನ್ಸ್ ಅಂತ ಬರೆದು ಐವತ್ತು ರೂಪಾಯಿ ಜಾಸ್ತಿ ತಗೊಂಡಿದ್ದೇ ಸಿಟ್ಟು.

ಈಗ ರೆಸಿಸ್ಟರ್ ಇರೋ ಬೋರ್ಡ್ ಹಾಕಿದೀನಿ, ಜೊತೆಗೆ ಒಂದೊಂದೇ ಸೆಲ್ ಅಳೆಯೋಕೆ ನಾಲ್ಕು ಪಿನ್ನಿನ ಜೆಎಸ್‌ಟಿ ಕನೆಕ್ಟರ್ ವೈರೊಂದನ್ನ ಡಬ್ಬಿಯಿಂದ ಹೊರಗೆ ಬಿಟ್ಟಿದೀನಿ. ಭಾನುವಾರ ಕಾಫಿ ಕುಡೀತಾ ಆ ಪಿನ್‌ಗಳಿಗೆ ಮೀಟರ್ ಹಿಡಿದು ಮೂರು ನಂಬರ್ ಡಬ್ಬಿ ಮೇಲಿನ ಪೇಪರಲ್ಲಿ ಬರೆಯೋದು ಒಂಥರಾ ಚಟ ಆಗಿದೆ. ಅಂತರ 0.02 ಒಳಗಿದ್ರೆ ಅವತ್ತು ಖುಷಿ.

ಹೊಸ ಬೋರ್ಡಿಂದೂ ಒಂದು ಗುಟ್ಟಿದೆ. ಸೆಲ್ ಜಾಸ್ತಿ ದಿನ ಬರ್ಲಿ ಅಂತ ನಾನು ಹಳೇ 19 ವೋಲ್ಟ್ ಲ್ಯಾಪ್‌ಟಾಪ್ ಅಡಾಪ್ಟರ್‌ಗೆ ವೋಲ್ಟೇಜ್ ಇಳಿಸೋ ಎಕ್ಸ್‌ಎಲ್4015 ಮಾಡ್ಯೂಲ್ ಹಾಕಿ 12.3ಕ್ಕೆ ನಿಲ್ಲಿಸ್ತೀನಿ, ಅಂದ್ರೆ ಸೆಲ್‌ಗೆ 4.1. ಆದ್ರೆ ಈ ರೆಸಿಸ್ಟರ್‌ಗಳು ಕೆಲಸ ಶುರು ಮಾಡೋದೇ 4.2 ಹತ್ರ, ಹಾಗಾಗಿ 12.3ಲಿ ನಿಲ್ಲಿಸಿದ್ರೆ ಬ್ಯಾಲೆನ್ಸ್ ಇದ್ದೂ ಇಲ್ಲದ ಹಾಗೆ. ತಿಂಗಳಿಗೊಮ್ಮೆ 12.6ಕ್ಕೆ ಏರಿಸಿ ಹಗಲಿಡೀ ಕಣ್ಣೆದುರಿಗೆ ಇಡ್ತೀನಿ. ಇವು ಬಿಡೋದು 50 ಮಿಲಿಆಂಪ್ ಆಸುಪಾಸು, 300 ಎಂಎಎಚ್ ಅಂತರ ಇದ್ರೆ ಕಡಿಮೆ ಅಂದ್ರೂ ಆರು ಗಂಟೆ ಬೇಕು. ಮುಟ್ಟಿ ನೋಡಿದ್ರೆ ರೆಸಿಸ್ಟರ್ ಬೆಚ್ಚಗಿರುತ್ತೆ, ಗಾಬರಿ ಬೇಡ. ಸೆಲ್ ಬಿಸಿ ಆದ್ರೆ ಮಾತ್ರ ತೆಗೆದು ಹೊರಗಿಡಿ.

ಬಜೆಟ್ ನೋಡೋರಿಗೆ: 5 ವೋಲ್ಟ್ ಪ್ರಾಜೆಕ್ಟಿಗೆ ಸೀರೀಸ್ ಸಹವಾಸವೇ ಬೇಡ, ಸೆಲ್‌ಗಳನ್ನ ಪ್ಯಾರಲಲ್ ಕಟ್ಟಿ ವೋಲ್ಟೇಜ್ ಏರಿಸೋ ಬೂಸ್ಟ್ ಮಾಡ್ಯೂಲ್ ಹಾಕಿ. 12 ವೋಲ್ಟೇ ಬೇಕು ಅಂದ್ರೆ ಬೋರ್ಡ್ ಬಂದ ದಿನ ರೆಸಿಸ್ಟರ್ ಕೂತಿದ್ಯಾ ನೋಡಿ, ಇಲ್ಲಾಂದ್ರೆ ಅವತ್ತೇ ವಾಪಸ್. ಸೆಲ್ ಜೋಡಿಸಿದ್ಮೇಲೆ ಔಟ್‌ಪುಟ್ ಸೊನ್ನೆ ತೋರಿಸಿದ್ರೆ ಕೆಟ್ಟಿದೆ ಅಂತ ವಾಪಸ್ ಕಳಿಸ್ಬೇಡಿ ಮತ್ತೆ, ಸುಮಾರು ಬೋರ್ಡ್‌ಗಳು ಒಂದ್ಸಲ ಚಾರ್ಜರ್ ತಾಗಿಸಿದ್ರೇನೇ ಏಳೋದು.