ಬೆಲ್ಜಿಯಂ ಬೀರ್ ಸೂಟ್‌ಕೇಸಲ್ಲಿ ತರುವವರು ಇದನ್ನು ಓದಿಕೊಳ್ಳಿ

ಬ್ರಸೆಲ್ಸ್‌ನಿಂದ ಬೆಂಗಳೂರಿಗೆ ಬಂದಿಳಿದ ಒಂದು ಸೂಟ್‌ಕೇಸ್. ಒಳಗೆ 750 ಮಿ.ಲೀ.ನ ಮೂರು ಬಾಟಲಿ: ಎರಡು ಗ್ಯೂಜ್, ಒಂದು ಕ್ರೀಕ್, ಎಲ್ಲ ಬೆಲ್ಜಿಯಂನ ಹುಳಿ ಬೀರ್. ಮಾರಿದ ಅಂಗಡಿಯವರು ಒಂದೊಂದಕ್ಕೂ ತೆಳು ರಟ್ಟು ಸುತ್ತಿ, ವಿಮಾನಕ್ಕೆ ಇಷ್ಟು ಸಾಕು ಅಂದಿದ್ದರಂತೆ. ಬೆಲ್ಟ್ ಮೇಲೆ ಬರುವಾಗಲೇ ಜಿಪ್ಪಿನ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಕ್ರೀಕ್ ಅಂದರೆ ಹುಳಿ ಚೆರ್ರಿ ನೆನೆಹಾಕಿದ ಲ್ಯಾಂಬಿಕ್ ಎಂಬ ಹುಳಿ ಬೀರ್. ಹತ್ತಿ ಬಟ್ಟೆಗೆ ಹಿಡಿದ ಅದರ ಕಲೆ ಸುಲಭಕ್ಕೆ ಬಿಡುವುದಿಲ್ಲ, ವಾಸನೆಯಂತೂ ಸೂಟ್‌ಕೇಸಿನ ಲೈನಿಂಗಿಗೇ ಕೂತುಬಿಡುತ್ತದೆ.

ಇಂಥದ್ದಾದಾಗ ಎಲ್ಲರೂ ದೂರುವುದು ಆಕಾಶದ ಗಾಳಿಯೊತ್ತಡವನ್ನು. ಅದು ತಪ್ಪು ತಿಳಿವಳಿಕೆ. ಪ್ರಯಾಣಿಕರ ವಿಮಾನದಲ್ಲಿ ಲಗೇಜಿನ ಜಾಗಕ್ಕೂ ಕ್ಯಾಬಿನ್‌ಗಿರುವಷ್ಟೇ ಒತ್ತಡ ಇರುತ್ತದೆ. ಬಾಟಲಿ ಒಡೆಯುವುದು ಪೆಟ್ಟು ಬಿದ್ದು, ಅದರಲ್ಲೂ ಗಾಜಿಗೆ ಗಾಜು ತಾಗಿ. ಗ್ಯೂಜ್‌ಗೆ ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಯಲ್ಲೇ ಮತ್ತೆ ಹುದುಗಲು ಬಿಡುತ್ತಾರೆ. ಒಳಗೆ ಗ್ಯಾಸ್ ಜೋರಾಗಿರುವುದರಿಂದ ಸಣ್ಣ ಬಿರುಕು ಬಿಟ್ಟರೂ ಸಾಕು, ಪೂರ್ತಿ ಸಿಡಿಯುತ್ತದೆ.

ಹಾಗಾಗಿ ಪ್ರತಿ ಬಾಟಲಿಗೆ ಬಬಲ್ ರ‍್ಯಾಪ್ ಮೂರು ಸುತ್ತು, ಕುತ್ತಿಗೆಗೆ ಇನ್ನೊಂದು ಸುತ್ತು. ಆಮೇಲೆ ಗಟ್ಟಿ ಜಿಪ್‌ಲಾಕ್ ಚೀಲ. ಈ ಚೀಲವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಒಡೆದರೂ ಉಳಿದ ಬಟ್ಟೆ ಕಾಯುವುದು ಇದೊಂದೇ. ಅದರ ಮೇಲೆ ಜೀನ್ಸ್ ಸುತ್ತಿ ಸೂಟ್‌ಕೇಸಿನ ನಡುಮಧ್ಯೆ ಇಡಿ, ನಾಲ್ಕೂ ಕಡೆ ಐದು ಸೆಂ.ಮೀ. ಆದರೂ ಬಟ್ಟೆ ಇರಲಿ. ತುಂಬಿದ ಬಾಟಲಿ ಒಂದೊಂದೂ ಸುಮಾರು ಒಂದೂವರೆ ಕಿಲೋ ತೂಗುತ್ತದೆ, ಲಗೇಜಿನ ತೂಕದಲ್ಲಿ ಅದನ್ನೂ ಸೇರಿಸಿಕೊಳ್ಳಿ. ಕೈಚೀಲದಲ್ಲಿ ತರುವ ಯೋಚನೆ ಬೇಡ.

ಆ ಸೂಟ್‌ಕೇಸಿನ ಲೆಕ್ಕ ಪ್ಯಾಕಿಂಗ್‌ಗೆ ಮೊದಲೇ ತಪ್ಪಿತ್ತು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದದ್ದು ಒಬ್ಬರಿಗೆ 2 ಲೀಟರ್. ಬೀರ್, ವೈನ್, ವಿಸ್ಕಿ ಎಲ್ಲ ಸೇರಿ. ಮೂರು ದೊಡ್ಡ ಬಾಟಲಿಗೆ 2.25 ಲೀಟರ್ ಆಯಿತು. ಹೆಚ್ಚಿದ್ದರೆ ಕಸ್ಟಮ್ಸ್‌ನ ರೆಡ್ ಚಾನೆಲ್‌ಗೆ ಹೋಗಿ ಹೇಳಿ ಸುಂಕ ಕಟ್ಟಬೇಕು. ಓರ್ವಾಲ್ ಬೀರಿನಂಥ 330 ಮಿ.ಲೀ. ಬಾಟಲಿಯಾದರೆ ಆರು ತರಬಹುದು, 1.98 ಲೀಟರ್. ಡ್ಯೂಟಿ ಫ್ರೀಯಲ್ಲಿ ವಿಸ್ಕಿ ಕೊಂಡಿದ್ದರೆ ಅದನ್ನು ಕಳೆದು ನೋಡಿ. ಮುಂಬೈಯಲ್ಲಿಳಿದು ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವವರು ಅಲ್ಲೇ ಬ್ಯಾಗ್ ತೆಗೆದುಕೊಂಡು ಕಸ್ಟಮ್ಸ್ ದಾಟಬೇಕು. ಮತ್ತೆ ಬ್ಯಾಗ್ ಕೊಡುವ ಮುಂಚೆ ಬಾಟಲಿಗಳನ್ನು ಒಮ್ಮೆ ಮುಟ್ಟಿ ನೋಡಿ.

ಸುರಕ್ಷಿತವಾಗಿ ಮನೆ ಸೇರಿದ ಬಾಟಲಿಯನ್ನು ಅವತ್ತೇ ತೆರೆದರೆ ಅರ್ಧ ಬೀರ್ ನೊರೆಯಾಗಿ ನೆಲಕ್ಕೆ. ವಾರ ಕಾಲ ತಂಪು ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ತಳದ ಗಸಿ ಕೂರಲಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ, ಮರೆತರೆ ಅಲ್ಲೂ ಒಡೆಯುತ್ತದೆ. ಇನ್ನೊಂದು, ಗ್ಯೂಜ್ ಬಾಟಲಿಯ ಮುಚ್ಚಳ ಎಷ್ಟೋ ಸಲ 29 ಮಿ.ಮೀ. ಇರುತ್ತದೆ, ನಮ್ಮ ಮಾಮೂಲಿ ಓಪನರ್ ಜಾರುತ್ತದೆ. ಅದನ್ನು ಎಬ್ಬಿಸಿದರೆ ಕೆಳಗೆ ಬಿರಡೆ ಕಾದಿರುತ್ತದೆ, ಅದಕ್ಕೆ ವೈನ್ ತೆರೆಯುವ ಸ್ಕ್ರೂ ಬೇಕು.