ಲಿನಕ್ಸ್ ಕರ್ನಲ್‌ನ ವಾರ್ನಿಂಗ್ ಮತ್ತು ಲಾಗ್ ಸಲಕರಣೆಗಳು: ಬಳಸಿ ನೋಡುವವರಿಗೆ ಒಂದು ವಿಮರ್ಶೆ

ಡ್ರೈವರ್ ಬರೆಯುವವರಿಗೆ ಬೇಕಾದ ತಪಾಸಣೆಯ ಸಲಕರಣೆಗಳೆಲ್ಲ ಲಿನಕ್ಸ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಬಹಳ ಮಂದಿ ಅವನ್ನು ಒಮ್ಮೆ ಇಡೀ ಸೋರ್ಸ್‌ಗೆ ಹಚ್ಚಿ, ಪರದೆ ತುಂಬ ಹರಿಯುವ ಸಾಲುಗಳನ್ನು ಕಂಡು ಕೈಬಿಡುತ್ತಾರೆ. ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಈ ಸಲಕರಣೆಗಳ ಬೆಲೆ ಗೊತ್ತಾಗುವುದು ಒಂದು ಫೋಲ್ಡರ್‌ಗೆ, ಒಂದು ಫೈಲ್‌ಗೆ, ಕೆಲವೊಮ್ಮೆ ಒಂದೇ ಸಾಲಿಗೆ ಬಳಸಿದಾಗ.

ಮೊದಲು, ಮೇಕ್ ಆಜ್ಞೆಗೆ ಕೊಡುವ ಡಬ್ಲ್ಯು=1 ಆಯ್ಕೆ. ಮಾಮೂಲಿ ಬಿಲ್ಡ್‌ನಲ್ಲಿ ಮುಚ್ಚಿಟ್ಟಿರುವ ಕಂಪೈಲರ್ ವಾರ್ನಿಂಗ್‌ಗಳನ್ನು ಇದು ತೆರೆಯುತ್ತದೆ. 2 ಮತ್ತು 3ನೇ ಹಂತಗಳೂ ಇವೆ, ಆದರೆ ಅಲ್ಲಿ ಗದ್ದಲವೇ ಹೆಚ್ಚು. ಕಂಪೈಲರ್‌ಗೆ ಹೋಗುವ ಆಯ್ಕೆ ಬದಲಾದರೆ ಕರ್ನಲ್ ಕಟ್ಟುವ ವ್ಯವಸ್ಥೆಯಾದ ಕೆಬಿಲ್ಡ್ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುತ್ತದೆ. ಹಾಗಾಗಿ ನಿತ್ಯದ ಬಿಲ್ಡ್ ಫೋಲ್ಡರ್‌ನಲ್ಲಿ ಇದನ್ನು ಓಡಿಸಬೇಡಿ. ‘ಮೇಕ್ ಒ=../ಬಿಲ್ಡ್-ಡಬ್ಲ್ಯು1 ಡಬ್ಲ್ಯು=1 ಡ್ರೈವರ್ಸ್/ಐಐಒ/’ ಎಂಬಂತೆ ಬೇರೆ ಫೋಲ್ಡರ್ ಕೊಟ್ಟು, ನಿಮ್ಮ ಕೋಡ್ ಇರುವ ಕಡೆಗಷ್ಟೇ ಹಚ್ಚಿ. ಜಿಸಿಸಿ ಕಂಪೈಲರ್‌ನಲ್ಲಿ ಒಮ್ಮೆ, ‘ಎಲ್‌ಎಲ್‌ವಿಎಂ=1’ ಸೇರಿಸಿ ಕ್ಲ್ಯಾಂಗ್‌ನಲ್ಲಿ ಇನ್ನೊಮ್ಮೆ. ಒಂದು ಹಿಡಿಯದ್ದನ್ನು ಇನ್ನೊಂದು ಹಿಡಿಯುತ್ತದೆ.

ವಾರ್ನಿಂಗನ್ನೆಲ್ಲ ಎರರ್ ಮಾಡುವ ಕಾನ್ಫಿಗ್_ಡಬ್ಲ್ಯುಎರರ್ 2021ರಲ್ಲಿ ಕರ್ನಲ್ 5.15ರ ಹೊತ್ತಿಗೆ ಬಂತು. ಮೊದಲು ಎಲ್ಲರಿಗೂ ಆನ್ ಆಗಿದ್ದದ್ದು, ಆಕ್ಷೇಪ ಬಂದು ಕೆಲವೇ ದಿನಗಳಲ್ಲಿ ಪರೀಕ್ಷಾ ಬಿಲ್ಡ್‌ಗಳಿಗೆ ಸೀಮಿತವಾಯಿತು. ಅದು ಸರಿಯಾದ ನಿರ್ಧಾರ. ಸ್ವಂತ ಡ್ರೈವರ್ ಕಟ್ಟುವ ಯಂತ್ರದಲ್ಲಿ ಇದನ್ನು ಆನ್ ಮಾಡಿ. ಬಳಕೆದಾರರು ತಾವೇ ಕಟ್ಟಿಕೊಳ್ಳುವ ಕರ್ನಲ್‌ನಲ್ಲಿ ಬೇಡ, ಹೊಸ ಕಂಪೈಲರ್ ಬಂದ ದಿನವೇ ಅವರ ಬಿಲ್ಡ್ ಮುರಿಯುತ್ತದೆ.

ವಾರ್ನಿಂಗ್‌ನ ಬಾಯಿ ಮುಚ್ಚಿಸುವುದೇ ದೊಡ್ಡ ತಪ್ಪು. 64-ಬಿಟ್‌ನಲ್ಲಿ ಸುಮ್ಮನಿದ್ದ ಲಾಗ್ ಸಾಲು 32-ಬಿಟ್ ಆರ್ಮ್‌ನಲ್ಲಿ ಫಾರ್ಮ್ಯಾಟ್ ತಪ್ಪೆಂದು ಕೂಗುವುದು ಸಾಮಾನ್ಯ, ಏಕೆಂದರೆ ಸಾಧನಕ್ಕೆ ಕೊಡುವ ಮೆಮೊರಿ ವಿಳಾಸದ ಟೈಪ್ ಆದ ಡಿಎಂಎ_ಅಡ್ರ್_ಟಿಯ ಅಳತೆ ಕಾನ್ಫಿಗ್‌ಗೆ ತಕ್ಕಂತೆ ಬದಲಾಗುತ್ತದೆ. ಹೆಚ್ಚಿನವರು ಒಂದು ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ತುರುಕಿ ಮುಂದೆ ಹೋಗುತ್ತಾರೆ. ಕರ್ನಲ್ ಇದಕ್ಕೆಂದೇ %ಪಿಎಡಿ ಇಟ್ಟಿದೆ; ಅದಕ್ಕೆ ವೇರಿಯಬಲ್‌ನ ಮೌಲ್ಯವನ್ನಲ್ಲ, ವಿಳಾಸವನ್ನು ಕೊಡಬೇಕು. ಸೈಜ್_ಟಿಗೆ %ಝಡ್‌ಯು. ವೇರಿಯಬಲ್‌ಗೆ ಬೆಲೆ ಕೊಟ್ಟಿಲ್ಲದಿರಬಹುದು ಎಂಬ ವಾರ್ನಿಂಗ್‌ಗೆ ‘= 0’ ಹಾಕುವುದೂ ಇದೇ ಜಾತಿಯದ್ದು. ಒಂದು ಎಲ್ಸ್ ಕವಲಿನಲ್ಲಿ ಬೆಲೆ ಕೊಡುವುದು ಮರೆತಿದ್ದರೆ ಆ ಸೊನ್ನೆ ದೋಷವನ್ನು ಹೂತುಹಾಕುತ್ತದೆ, ಮುಂದೆ ಯಾವ ಕಂಪೈಲರ್ ಕೂಡ ಅದನ್ನು ತೋರಿಸಲಾರದು. ಜಿಸಿಸಿ ಈ ವಿಷಯದಲ್ಲಿ ಸುಳ್ಳು ದೂರು ಹೇಳುವುದು ಹೆಚ್ಚಾದ್ದರಿಂದ 2020ರಲ್ಲಿ ಅದನ್ನು ಡಬ್ಲ್ಯು=2ಕ್ಕೆ ತಳ್ಳಲಾಯಿತು. ಹೊಸ ಕೋಡ್ ಬರೆದಾಗ ಆ ಒಂದು ಫೈಲ್ ಮೇಲೆ ಡಬ್ಲ್ಯು=2 ಓಡಿಸಿ ನೋಡುವುದು ಒಳ್ಳೆಯದು.

ಸ್ಪಾರ್ಸ್, ಕೋಡನ್ನು ಓಡಿಸದೆಯೇ ತಪಾಸಣೆ ಮಾಡುವ, ಬೇರೆಯಾಗಿ ಹಾಕಿಕೊಳ್ಳಬೇಕಾದ ಪ್ರೋಗ್ರಾಂ. ಬಳಕೆದಾರರ ಜಾಗದಿಂದ ಬಂದ ಪಾಯಿಂಟರನ್ನು ನೇರವಾಗಿ ಓದಿದರೆ, ಲಿಟ್ಲ್ ಎಂಡಿಯನ್ (ಕಿರಿಯ ಬೈಟ್ ಮೊದಲು) ಎಂದು ಗುರುತಿಟ್ಟ ಸಂಖ್ಯೆಯನ್ನು ಪರಿವರ್ತಿಸದೆ ಬಳಸಿದರೆ ಹಿಡಿದುಕೊಡುತ್ತದೆ. ಎರಡನೆಯದು ಎಕ್ಸ್86 ಯಂತ್ರದಲ್ಲಿ ಎಷ್ಟು ಪರೀಕ್ಷಿಸಿದರೂ ಕಾಣುವುದಿಲ್ಲ, ಅಲ್ಲಿ ಬೈಟ್‌ಗಳ ಕ್ರಮ ತಾನಾಗಿಯೇ ಹೊಂದಿಬಿಡುತ್ತದೆ. ಒಂದು ಮೋಸದ ಜಾಗ ಇದೆ: ಮೇಕ್‌ಗೆ ಸಿ=1 ಕೊಟ್ಟರೆ ಆಗ ಕಂಪೈಲ್ ಆಗುವ ಫೈಲ್‌ಗಳನ್ನು ಮಾತ್ರ ನೋಡುತ್ತದೆ. ಏನೂ ಬದಲಾಗಿಲ್ಲದಿದ್ದರೆ ಮೌನ. ಆ ಮೌನವನ್ನು ‘ಎಲ್ಲ ಸರಿಯಿದೆ’ ಎಂದು ಓದಬೇಡಿ, ಸಿ=2 ಕೊಡಿ. ಡಿಸ್ಟ್ರೋದ ಸ್ಪಾರ್ಸ್ ಹಳೆಯದಾಗಿದ್ದು ಅರ್ಥವಿಲ್ಲದ ದೂರು ಹೇಳಿದರೆ ಗಿಟ್‌ನಿಂದ ತಂದು ಕಟ್ಟಿಕೊಳ್ಳಿ.

ಪ್ಯಾಚ್‌ನ ಬರವಣಿಗೆಯ ಶೈಲಿ ನೋಡುವ ಚೆಕ್‌ಪ್ಯಾಚ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಳಿಸುವ ಮುನ್ನ ಪ್ಯಾಚ್ ಮೇಲೆ ಓಡಿಸಿ, ಅದರ ಮಾತನ್ನು ಸಲಹೆಯಾಗಿ ತೆಗೆದುಕೊಳ್ಳಿ. ಲಾಗ್ ವಾಕ್ಯವನ್ನು ಎರಡು ಸಾಲಿಗೆ ಒಡೆಯಬೇಡಿ ಎನ್ನುವುದನ್ನು ಮಾತ್ರ ತಪ್ಪದೆ ಪಾಲಿಸಿ. ಒಡೆದರೆ ಸೋರ್ಸ್‌ನಲ್ಲಿ ಪದ ಹುಡುಕುವ ಗ್ರೆಪ್‌ಗೆ ಸಿಗುವುದಿಲ್ಲ.

ಈ ಗುಂಪಿನಲ್ಲಿ ನನ್ನ ಪೂರ್ತಿ ಅಂಕ ಡೈನಮಿಕ್ ಡಿಬಗ್‌ಗೆ. ಕೋಡ್‌ನಲ್ಲಿ ಪಿಆರ್_ಡಿಬಗ್, ಡೆವ್_ಡಿಬಿಜಿ ಎಂದು ಬರೆದಿಟ್ಟ ಪ್ರತಿ ಸಾಲನ್ನೂ ಓಡುತ್ತಿರುವ ಕರ್ನಲ್‌ನಲ್ಲೇ ಬೇರೆಬೇರೆಯಾಗಿ ಆನ್ ಮಾಡಬಹುದು. ರೂಟ್ ಆಗಿ ‘ಎಕೋ "ಮಾಡ್ಯೂಲ್ ಯುಎಸ್‌ಬಿಕೋರ್ +ಪಿ" > /ಪ್ರಾಕ್/ಡೈನಮಿಕ್_ಡಿಬಗ್/ಕಂಟ್ರೋಲ್’ ಅಂದರೆ ಆಯಿತು, ನಿಲ್ಲಿಸಲು -ಪಿ. ಫೈಲ್ ಹೆಸರು, ಫಂಕ್ಷನ್, ಸಾಲಿನ ಸಂಖ್ಯೆಯಿಂದಲೂ ಆರಿಸಬಹುದು. +ಪಿಎಫ್‌ಎಲ್ ಕೊಟ್ಟರೆ ಫಂಕ್ಷನ್ ಹೆಸರು, ಸಾಲಿನ ಸಂಖ್ಯೆಯೂ ಸೇರುತ್ತವೆ. ಇದನ್ನು ಸೇರಿಸಿದರೆ ಕರ್ನಲ್‌ನ ಗಾತ್ರ ಸುಮಾರು 2% ಹೆಚ್ಚುತ್ತದೆ. ಜಂಪ್ ಲೇಬಲ್ (ಓಡುವಾಗಲೇ ಕೋಡ್‌ನ ಕವಲನ್ನು ತಿದ್ದುವ ಸೌಲಭ್ಯ) ಇರುವ ಕಡೆ ಆಫ್ ಆಗಿರುವ ಸಾಲಿನಿಂದ ವೇಗಕ್ಕೆ ಹೆಚ್ಚುಕಡಿಮೆ ಏನೂ ನಷ್ಟವಿಲ್ಲ.

ಆನ್ ಮಾಡಿದರೂ ಕನ್ಸೋಲ್‌ನಲ್ಲಿ ಏನೂ ಬರುತ್ತಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳುತ್ತದೆ. ಡಿಬಗ್ ಸಂದೇಶದ ಮಟ್ಟ 7. ಕನ್ಸೋಲ್ ತನ್ನ ಮಟ್ಟಕ್ಕಿಂತ ಕಡಿಮೆ ಸಂಖ್ಯೆಯವನ್ನು ಮಾತ್ರ ತೋರಿಸುತ್ತದೆ. ‘ಡಿಮೆಸೇಜ್ -ಎನ್ 8’ ಕೊಡಿ, ಇಲ್ಲವೇ ಕರ್ನಲ್ ಲಾಗ್ ತೋರಿಸುವ ಡಿಮೆಸೇಜ್‌ನಲ್ಲೇ ನೋಡಿ, ಅಲ್ಲಿ ಇದ್ದೇ ಇರುತ್ತದೆ. ಮಾಡ್ಯೂಲ್ ಲೋಡ್ ಆಗುವಾಗಿನ ಸಂದೇಶಗಳು ಬೇಕಿದ್ದರೆ ಮಾಡ್‌ಪ್ರೋಬ್ ಜೊತೆಗೇ ‘ಡಿನ್‌ಡಿಬಿಜಿ=+ಪಿ’ ಕೊಡಬೇಕು, ಆಮೇಲೆ ಆನ್ ಮಾಡಿದರೆ ರೈಲು ಹೋದ ಮೇಲೆ ಟಿಕೆಟ್ ಕೊಂಡಂತೆ.

ಕರ್ನಲ್ ಲಾಗ್‌ಗೆ ಸಂದೇಶ ಬರೆಯುವ ಪ್ರಿಂಟ್‌ಕೆ ಸ್ವತಃ ಗಟ್ಟಿಯಾದ ಸಲಕರಣೆ, ಕೆಡುವುದು ಬಳಸುವವರ ಕೈಯಲ್ಲಿ. 115200 ಬಾಡ್‌ನ ಸೀರಿಯಲ್ ಕನ್ಸೋಲ್ ಸೆಕೆಂಡಿಗೆ ಸುಮಾರು 11,500 ಅಕ್ಷರ ಕಳಿಸುತ್ತದೆ. 80 ಅಕ್ಷರದ ಒಂದು ಸಾಲಿಗೆ 7 ಮಿಲಿಸೆಕೆಂಡ್. ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಪ್ರತಿ ಪ್ಯಾಕೆಟ್‌ಗೂ ಒಂದು ಸಾಲು ಬರೆದರೆ ಯಂತ್ರವೇ ನಿಂತಂತಾಗುತ್ತದೆ. ಅಂಥ ಕಡೆ _ರೇಟ್‌ಲಿಮಿಟೆಡ್ ರೂಪ ಬಳಸಿ. ಅದು 5 ಸೆಕೆಂಡಿಗೆ 10 ಸಂದೇಶ ಬಿಟ್ಟು, ಉಳಿದವನ್ನು ತಡೆದು ಎಷ್ಟು ತಡೆದೆ ಎಂದು ಲೆಕ್ಕ ಹೇಳುತ್ತದೆ. ಮೆಮೊರಿ ಸಿಗದಿದ್ದಾಗ ನೀವು ಬೇರೆ ಸಂದೇಶ ಬರೆಯಬೇಕಿಲ್ಲ, ಕರ್ನಲ್ ಆಗಲೇ ಸ್ಟ್ಯಾಕ್ ಸಮೇತ ಬರೆದಿರುತ್ತದೆ. ಆಗಬಾರದ್ದು ಆದಾಗ ಎಚ್ಚರಿಸುವ ವಾರ್ನ್_ಆನ್ ಅನ್ನು ಬಳಕೆದಾರರ ತಪ್ಪು ಇನ್‌ಪುಟ್‌ಗೆ ಎಂದೂ ಇಡಬೇಡಿ: ಅಂಥ ಎಚ್ಚರಿಕೆ ಬಂದೊಡನೆ ಕರ್ನಲ್ ನಿಲ್ಲಿಸುವ ಪ್ಯಾನಿಕ್_ಆನ್_ವಾರ್ನ್ ಹಾಕಿಕೊಂಡ ಸರ್ವರ್ ಅಷ್ಟಕ್ಕೇ ಬಿದ್ದುಹೋಗುತ್ತದೆ.

ಸಾಧನವನ್ನು ಸಿದ್ಧಪಡಿಸುವ, ಡ್ರೈವರ್‌ನ ಪ್ರೋಬ್ ಫಂಕ್ಷನ್‌ನಲ್ಲಿ ಡೆವ್_ಎರ್ ಬದಲು 5.9ರಿಂದ ಇರುವ ಡೆವ್_ಎರ್_ಪ್ರೋಬ್ ಬಳಸಿ. ಕ್ಲಾಕ್ ಅಥವಾ ರೆಗ್ಯುಲೇಟರ್ ಇನ್ನೂ ಸಿದ್ಧವಿಲ್ಲದೆ ಪ್ರೋಬ್ ಮುಂದೂಡಲ್ಪಟ್ಟಾಗ ಬೂಟ್ ಲಾಗ್‌ನಲ್ಲಿ ಸುಳ್ಳು ಎರರ್‌ಗಳು ಸಾಲುಗಟ್ಟುವುದು ತಪ್ಪುತ್ತದೆ. ಮುಂದೂಡಿದ ಕಾರಣ ಮಾತ್ರ ಡಿಬಗ್‌ಎಫ್‌ಎಸ್‌ನ (ಕರ್ನಲ್‌ನ ಡಿಬಗ್ ಮಾಹಿತಿ ತೋರಿಸುವ ಫೈಲ್‌ಸಿಸ್ಟಂ) ಡಿವೈಸಸ್_ಡಿಫರ್ಡ್ ಫೈಲ್‌ನಲ್ಲಿ ದಾಖಲಾಗಿರುತ್ತದೆ. ಬೋರ್ಡ್ ಎದ್ದ ಮೇಲೂ ಸಾಧನ ಕಾಣದಿದ್ದರೆ ಮೊದಲು ತೆರೆಯಬೇಕಾದ ಫೈಲ್ ಅದೇ.