ನೆರೆ ಬಂದಾಗ ನಾಯಿ, ಬೆಕ್ಕನ್ನು ಚೀಟಿ ಇಲ್ಲದೆ ಯಾರ ಕೈಗೂ ಕೊಡಬೇಡಿ

ಶಿವಮೊಗ್ಗದಲ್ಲಿ ತುಂಗೆಯ ದಡದ ತಗ್ಗಿನ ಬಡಾವಣೆಗಳಲ್ಲಿ ಇರುವವರು, ಮನೆಯಲ್ಲಿ ನಾಯಿಯೋ ಬೆಕ್ಕೋ ಸಾಕಿದ್ದರೆ, ಆಶ್ಲೇಷ ಮಳೆ ಹಿಡಿಯುವ ಮೊದಲು ಇದನ್ನೊಮ್ಮೆ ಓದಿ. ಮನೆ ಬಿಡುವ ಗಡಿಬಿಡಿಯಲ್ಲಿ "ನಿಮ್ಮ ಪ್ರಾಣಿಗಳನ್ನು ನಾವು ನೋಡ್ಕೊಳ್ತೀವಿ" ಎಂದು ಬಂದವರ ಕೈಗೆ, ಬರವಣಿಗೆಯಲ್ಲಿ ಏನನ್ನೂ ಪಡೆಯದೆ, ನಿಮ್ಮ ಪ್ರಾಣಿಯನ್ನು ಒಪ್ಪಿಸಬೇಡಿ. ಎಷ್ಟೇ ಒಳ್ಳೆಯ ಮಾತಾಡಿದರೂ ಸರಿ.

2019ರ ಆಗಸ್ಟ್ ನೆರೆ ಶಿವಮೊಗ್ಗದವರಿಗೆ ಮರೆತಿರಲಿಕ್ಕಿಲ್ಲ. ಕುಂಬಾರಗುಂಡಿ, ಇಮಾಮ್‌ಬಾಡಾ, ರಾಜೀವ್ ಗಾಂಧಿ ಬಡಾವಣೆ, ವಿದ್ಯಾನಗರ, ಎಲ್ಲ ಕಡೆ ಮನೆಗಳಿಗೆ ನೀರು ನುಗ್ಗಿತ್ತು. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು ಬರೀ 3.24 ಟಿಎಂಸಿ. ಶೃಂಗೇರಿ, ತೀರ್ಥಹಳ್ಳಿ ಕಡೆ ಜಡಿಮಳೆ ಹಿಡಿದರೆ ಅಲ್ಲಿ ನಿಲ್ಲಿಸಿಕೊಳ್ಳಲು ಜಾಗವಿಲ್ಲ, ಬಂದಷ್ಟೂ ನೀರು ಊರಿನ ಕಡೆಗೇ. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ಮುಳುಗಿತು ಅಂದಾಗಲೇ ನಾವು ಸಾಮಾನು ಅಟ್ಟಕ್ಕೆ ಏರಿಸತೊಡಗಿದ್ದೆವು. ಆದರೆ ನೀರು ಬಾಗಿಲಿಂದ ಬರಲಿಲ್ಲ. ಬಚ್ಚಲಿನ ತೂಬಿನಿಂದ ಗುಳುಗುಳು ಎಂದು ಮೇಲೆ ಬಂತು, ಕಪ್ಪಗೆ, ಚರಂಡಿ ವಾಸನೆಯ ಜೊತೆ. ಅತ್ತೆಯವರನ್ನು ಹೊರಗೆ ಕರೆತರುವಷ್ಟರಲ್ಲಿ ಮಂಡಿಮಟ್ಟ ಆಗಿತ್ತು.

ನಮ್ಮ ಹತ್ತಿರ ಇದ್ದದ್ದು ಕೆಂದ ಎಂಬ ನಾಡುನಾಯಿ, ಪುಟ್ಟಿ ಎಂಬ ಬೆಕ್ಕು. ಎರಡನ್ನೂ ಕಾಳಜಿ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅದೊಂದು ಶಾಲೆ. "ಅಮ್ಮಾ, ಒಂದೊಂದು ಕೊಠಡಿಯಲ್ಲಿ ಏಳೆಂಟು ಸಂಸಾರ ಇದಾವೆ, ಸಣ್ಣ ಮಕ್ಕಳಿದ್ದಾರೆ, ನಾಯಿ ಹೇಗಮ್ಮಾ ಬಿಡ್ಲಿ" ಎಂದರು ಅಲ್ಲಿದ್ದ ಸಿಬ್ಬಂದಿ. ಅವರ ಮಾತು ತಪ್ಪು ಎನ್ನಲಾರೆ. ಅದೇ ಹೊತ್ತಿಗೆ ಗೇಟಿನ ಹತ್ತಿರ ಒಂದು ಗೂಡ್ಸ್ ಆಟೋ ನಿಂತಿತು. ರೇನ್‌ಕೋಟ್ ಹಾಕಿದ ಹುಡುಗರು ಇಳಿದು, "ಅಕ್ಕಾ, ಚಿಂತೆ ಮಾಡ್ಬೇಡಿ, ನೀರು ಇಳಿದ ಮೇಲೆ ಬಂದು ಕರ್ಕೊಂಡ್ ಹೋಗಿ" ಎಂದು ಬಾಯಲ್ಲೇ ಒಂದು ನಂಬರ್ ಹೇಳಿ ಎರಡನ್ನೂ ಹತ್ತಿಸಿಕೊಂಡು ಹೊರಟರು. ನಮ್ಮ ಹೆಸರನ್ನೂ ಯಾರೂ ಬರೆದುಕೊಳ್ಳಲಿಲ್ಲ.

ನೀರು ಇಳಿದ ಮೇಲೆ ಆ ನಂಬರ್‌ಗೆ ಮಾಡಿದರೆ ಎತ್ತುವವರಿಲ್ಲ. ಕೆಂದನನ್ನು ನಾವು ಮತ್ತೆ ನೋಡಿದ್ದು ಪಕ್ಕದ ಮನೆಯವರ ವಾಟ್ಸಾಪ್‌ನಲ್ಲಿ. ನೆನೆದು ಮುದುರಿ ಕೂತ ಫೋಟೊ, ಕೊರಳಿನ ಪಟ್ಟಿ ಬಿಚ್ಚಿದ್ದರು. ಕೆಳಗೆ "ಮಾಲೀಕರು ನೆರೆಯಲ್ಲಿ ಬಿಟ್ಟು ಓಡಿಹೋದ ಅನಾಥ ಜೀವ, ಊಟ ಔಷಧಿಗೆ ನೆರವಾಗಿ" ಎಂಬ ಬರಹ, ಅದರ ಕೆಳಗೆ ದುಡ್ಡು ಕಳಿಸಲು ಖಾತೆ ಸಂಖ್ಯೆ. ಅತ್ತೆಯವರು ಅದನ್ನು ಓದಿಸಿಕೊಂಡು ಕೇಳಿ ಊಟ ಬಿಟ್ಟು ಎದ್ದರು. ಮನೆ ಕೆಸರಾದದ್ದಕ್ಕಿಂತ ಆ ಒಂದು ಸಾಲು ಅವರನ್ನು ಹೆಚ್ಚು ನೋಯಿಸಿತು.

ಕೇಳಿಕೊಂಡು ಹುಡುಕಿಕೊಂಡು, ಆ ಹುಡುಗರು ಪ್ರಾಣಿಗಳನ್ನು ಇಟ್ಟಿದ್ದ ಊರಾಚೆಯ ಶೆಡ್ ತಲುಪಿದೆವು. ಕೆಂದ ಅಲ್ಲಿರಲಿಲ್ಲ, ಬೆಂಗಳೂರಿನ ಯಾರಿಗೋ ಸಾಕಲು ಕೊಟ್ಟಾಗಿತ್ತು. "ನಿಮ್ಮದೇ ನಾಯಿ ಅನ್ನೋಕೆ ಏನ್ ಸಾಕ್ಷಿ?" ಎಂದು ನಮ್ಮನ್ನೇ ಕೇಳಿದರು. ಬೆಕ್ಕುಗಳನ್ನೆಲ್ಲ ಒಂದೇ ಕೋಳಿಗೂಡಿಗೆ ತುಂಬಿದ್ದರು, ಮಾರು ದೂರದಲ್ಲಿ ನಾಯಿಗಳು ಬೊಗಳುತ್ತಿದ್ದವು. ಪುಟ್ಟಿ ಮೂಲೆಯಲ್ಲಿ ನೀರಿನ ಬಟ್ಟಲ ಮೇಲೆ ಮೂತಿ ಇಟ್ಟುಕೊಂಡು ಕೂತಿತ್ತು, ಕುಡಿಯುತ್ತಿರಲಿಲ್ಲ. ಮನೆಗೆ ತಂದರೂ ವಾಂತಿ, ಭೇದಿ ನಿಲ್ಲಲಿಲ್ಲ, ಉಳಿಯಲಿಲ್ಲ. ಬೆಕ್ಕುಗಳಿಗೆ ಬರುವ ಪಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗ ಅಂದರು ಪಶುವೈದ್ಯರು. ಅದು ಗೂಡು, ಬಟ್ಟಲು, ಸಾಕುವವರ ಕೈ, ಬಟ್ಟೆಯಿಂದಲೇ ಹರಡುತ್ತದೆ, ಒಮ್ಮೆ ಹೊಕ್ಕ ಜಾಗದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಲಸಿಕೆ ಆಗಿದೆಯೋ ಇಲ್ಲವೋ ಕೇಳದೆ ಕಂಡ ಬೆಕ್ಕನ್ನೆಲ್ಲ ಒಂದೇ ಕಡೆ ಹಾಕುವುದು ರಕ್ಷಣೆಯಲ್ಲ. ಯಾರಾದರೂ ನಿಮ್ಮ ಪ್ರಾಣಿಯನ್ನು ಇಟ್ಟುಕೊಳ್ಳುತ್ತೇವೆ ಅಂದರೆ ಹೊಸದಾಗಿ ಬಂದವನ್ನು ಬೇರೆ ಇಡುತ್ತಾರಾ, ಲಸಿಕೆ ಪುಸ್ತಕ ಕೇಳುತ್ತಾರಾ ನೋಡಿ. ಕೇಳದಿದ್ದರೆ ಕೊಡಬೇಡಿ.

ಕೆಂದ ವಾಪಸ್ ಬಂದ. ನಮ್ಮ ಲಸಿಕೆ ಪುಸ್ತಕ ನೀರಲ್ಲಿ ನೆನೆದು ಶಾಯಿ ಕಲಸಿಹೋಗಿತ್ತು, ಆದರೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ನಮ್ಮ ಮನೆಯವರ ಹೆಸರು, ನಾಯಿಯ ಬಣ್ಣ, ಹರಿದ ಎಡಗಿವಿ ಎಲ್ಲ ದಾಖಲಾಗಿತ್ತು. ಅದರ ನಕಲು ಹಿಡಿದು ಪೊಲೀಸ್ ಠಾಣೆಗೆ ಹೋದ ಮೇಲೆ ಮಾತು ಬದಲಾಯಿತು. ಬೆಂಗಳೂರಿನವರು ಸಭ್ಯರು, ವಿಷಯ ತಿಳಿದು ತಾವೇ ತಂದು ಬಿಟ್ಟರು. ಅವರಿಗೂ ಅನಾಥ ನಾಯಿ ಅಂತಲೇ ಹೇಳಿ ಕೊಟ್ಟಿದ್ದರಂತೆ.

ಇದಕ್ಕೆಲ್ಲ ಮೂಲ ಎಲ್ಲಿದೆ ಎಂದು ಆಮೇಲೆ ವಿಚಾರಿಸಿದೆ. ವಿಪತ್ತು ಪರಿಹಾರ ನಿಧಿಯ 2022ರ ಪರಿಷ್ಕೃತ ದರದಲ್ಲಿ ಹಾಲು ಕೊಡುವ ಹಸು, ಎಮ್ಮೆ ಸತ್ತರೆ 37,500 ರೂಪಾಯಿ, ಕುರಿ ಮೇಕೆಗೆ 4,000, ಕೋಳಿಗೆ 100 ಎಂದಿದೆ. ನಾಯಿ, ಬೆಕ್ಕಿನ ಹೆಸರೇ ಇಲ್ಲ. ದುಡ್ಡು ಕೊಡಲಿ ಎಂದು ನಾನು ಹೇಳುತ್ತಿಲ್ಲ. ಪಟ್ಟಿಯಲ್ಲಿ ಇಲ್ಲದ ಪ್ರಾಣಿಯನ್ನು ಎಣಿಸುವವರಿಲ್ಲ, ಎಣಿಸದ ಪ್ರಾಣಿಯನ್ನು ಯಾರು ಎಲ್ಲಿಗೆ ಒಯ್ದರು ಎಂದು ಕೇಳುವವರೂ ಇಲ್ಲ.

ಹಾಗಾಗಿ ದಾಖಲೆ ನಾವೇ ಮಾಡಿಟ್ಟುಕೊಳ್ಳಬೇಕು. ನಿಮ್ಮ ಜೊತೆ ನಿಮ್ಮ ಪ್ರಾಣಿ ಇರುವ ಫೋಟೊ, ಮಚ್ಚೆ ಗಾಯದ ಗುರುತು ಕಾಣುವ ಫೋಟೊ, ಲಸಿಕೆ ಪುಸ್ತಕದ ಪುಟಗಳು, ಇಷ್ಟನ್ನು ಇವತ್ತೇ ತೆಗೆದು ಬೇರೆ ಊರಿನ ನೆಂಟರ ಫೋನಿಗೂ ಕಳಿಸಿಡಿ. ಕೊರಳಪಟ್ಟಿ ಬಿಚ್ಚಬಹುದು, ಚರ್ಮದಡಿ ಹಾಕುವ 15 ಅಂಕಿಯ ಮೈಕ್ರೋಚಿಪ್ಪನ್ನು ಬಿಚ್ಚಲಾಗದು, ಆಗುವವರು ಹಾಕಿಸಿ. ಕೊಡಲೇಬೇಕಾದ ಪರಿಸ್ಥಿತಿ ಬಂದರೆ ಹಾಳೆ ಸಿಗದಿದ್ದರೆ ಫೋನಿನಲ್ಲೇ ವಿಡಿಯೊ ಮಾಡಿ: ಒಯ್ಯುವವರ ಮುಖ, ಗಾಡಿ ನಂಬರ್, ಎಲ್ಲಿ ಇಡುತ್ತಾರೆ, ನಮ್ಮ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡುವುದಿಲ್ಲ ಎಂಬ ಮಾತು ಅವರ ಬಾಯಿಂದಲೇ. ನಿಜವಾಗಿ ಸೇವೆಗೆ ಬಂದವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಅಂಥವರನ್ನೂ ಆ ನೆರೆಯಲ್ಲೇ ಕಂಡಿದ್ದೇನೆ. ಕೊಡುವ ದಾರಿ ಇಲ್ಲದಿದ್ದರೆ ಸರಪಳಿ ಬಿಚ್ಚಿ ಮಹಡಿಗೋ ದಿಬ್ಬಕ್ಕೋ ಹತ್ತಿಸಿ, ಕಟ್ಟಿಹಾಕಿ ಮಾತ್ರ ಹೋಗಬೇಡಿ. ನೆರೆನೀರಲ್ಲಿ ನಡೆದ ನಾಯಿಗೆ ಇಲಿಜ್ವರ ತಗುಲಬಹುದು, ಅದರ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ, ಮೂತ್ರವನ್ನು ಬರಿಗೈಯಲ್ಲಿ ಒರೆಸಬೇಡಿ. ಪಶುವೈದ್ಯಕೀಯ ಸಹಾಯಕ್ಕೆ 1962, ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ಕಾಳಜಿ ಕೇಂದ್ರಗಳಲ್ಲಿ ಸಾಕುಪ್ರಾಣಿಗಳಿಗೆ ಒಂದು ಶೆಡ್, ಒಂದು ರಿಜಿಸ್ಟರ್ ಇಡಬೇಕೆಂದು ನಮ್ಮ ಬಡಾವಣೆಯವರು ಸೇರಿ ಜಿಲ್ಲಾಡಳಿತಕ್ಕೆ ಮನವಿ ಬರೆಯುತ್ತಿದ್ದೇವೆ. ಹೊಳೆದಂಡೆಯ ಬೇರೆ ಬಡಾವಣೆಯವರೂ ಸಹಿ ಹಾಕಿದರೆ ಅದಕ್ಕೊಂದು ತೂಕ ಬರುತ್ತದೆ. ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಎಷ್ಟು ಪ್ರಾಣಿಗಳಿವೆ ಎಂದು ಬರೆದುಕೊಂಡು ಬನ್ನಿ, ಮನವಿಯ ಜೊತೆ ಆ ಪಟ್ಟಿಯನ್ನೂ ಸೇರಿಸೋಣ.